ಲೆನ್ಸಿಗೊಂದು ಬಳೆ

ನಮ್ಮ ಭಾವ ನೀರಿನೊಳಗಿನ ಫೋಟೋಗ್ರಾಫರ್. ಹೀಗೆಂದ ಕೂಡಲೇ ನೀವು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. ಎಂಥ ಫೋಟೋ ತೆಗೆದಿದ್ದಾರೆ? ಒಂದೂ ತೆಗೆದಿಲ್ಲ! ಎರಡನೆಯ ಪ್ರಶ್ನೆಯೂ ಗೊತ್ತು. ಈಜು ಚೆನ್ನಾಗಿ ಬರುತ್ತದೆಯೇ? ಬರುವುದೇ ಇಲ್ಲ! ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ. ಬಾಲ್ಯದಲ್ಲಿ ಅವರು ಮೊಣಕಾಲು ಮುಳುಗುವಷ್ಟು ನೀರು ಕಂಡದ್ದು ಬಾವಿಯಲ್ಲಿ ಮಾತ್ರ, ಅದೂ ಮೇಲಿನಿಂದ ಬಗ್ಗಿ ನೋಡಿ. ಹಾಗಾದರೆ ಅವರು ಯಾವ ಸೀಮೆಯ ಫೋಟೋಗ್ರಾಫರ್ ಎಂದು ನೀವು ಮೂರನೆಯ ಪ್ರಶ್ನೆ ಕೇಳಬಹುದು. ಅದನ್ನು ನಾನೂ ಬಹಳ ದಿನದಿಂದ ಕೇಳುತ್ತಾ ಬಂದಿದ್ದೇನೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಬಸವಾಪಟ್ಟಣದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯೂ ಅಲ್ಲೇ. ನಾನು ಹೊನ್ನಾಳಿಯಲ್ಲಿ ಬೋರ್‌ವೆಲ್ಲಿನ ಮೋಟಾರು, ಪೈಪು ಮಾರುವವನು. ನನಗೆ ಹವ್ಯಾಸ ಗಿವ್ಯಾಸ ಏನೂ ಇಲ್ಲ. ಬೆಳಿಗ್ಗೆ ಷಟರ್ ಎತ್ತುತ್ತೇನೆ, ರಾತ್ರಿ ಇಳಿಸುತ್ತೇನೆ, ನಡುವೆ ಗಿರಾಕಿಗಳ ಜತೆ ಜಗಳ ಆಡುತ್ತೇನೆ. ಇಂಥ ನೆಟ್ಟಗಿನ ಮನುಷ್ಯನಿಗೆ ಇಂಥ ಭಾವ ಗಂಟುಬಿದ್ದದ್ದು ಯಾವ ಜನ್ಮದ ಪಾಪವೋ ಕಾಣೆ.

ಇದೆಲ್ಲ ಶುರುವಾದದ್ದು ಒಂದು ಪಾರ್ಸಲ್ಲಿನಿಂದ. ಭಾವನ ಹಳೆಯ ಶಿಷ್ಯನೊಬ್ಬ ಕಾರವಾರದ ಕಡೆ ಸಮುದ್ರಕ್ಕೆ ಇಳಿದು ಮೀನು, ಹವಳದ ಫೋಟೋ ತೆಗೆಯುತ್ತಾನೆ. ಅವನು ಹೊಸ ಸಾಮಾನು ಕೊಂಡ ಮೇಲೆ ಹಳೆಯದನ್ನು ಗುರುಕಾಣಿಕೆ ಎಂದು ಕಳಿಸಿಕೊಟ್ಟ. ಒಂದು ಪುಟ್ಟ ಕ್ಯಾಮೆರಾ, ಅದನ್ನು ಒಳಗಿಟ್ಟು ಮುಚ್ಚಿದರೆ ಹನಿ ನೀರೂ ಹೋಗದ ಗಟ್ಟಿ ಡಬ್ಬಿ, ಮತ್ತೆ ಬೇರೆಯದೇ ಆದ ಒಂದು ದಪ್ಪ ಲೆನ್ಸು. ಈ ಲೆನ್ಸನ್ನು ಡಬ್ಬಿಯ ಮೂತಿಗೆ ಅಡ್ಡ ಹಿಡಿದರೆ ಸೊಳ್ಳೆ ಮರಿ ಎಮ್ಮೆ ಕರುವಿನಷ್ಟು ಕಾಣುತ್ತದೆ. ಆದರೆ ಶಿಷ್ಯ ಒಂದು ವಸ್ತುವನ್ನು ಕಳಿಸುವುದನ್ನೇ ಮರೆತಿದ್ದ. ಲೆನ್ಸನ್ನು ಡಬ್ಬಿಗೆ ಕೂರಿಸುವ ಹೋಲ್ಡರ್!

ಆ ಹೋಲ್ಡರ್ ಎಂದರೇನು ಎಂಬುದನ್ನು ಭಾವ ನನಗೆ ಎಷ್ಟು ಸಲ ವಿವರಿಸಿದ್ದಾರೆಂದರೆ ಈಗ ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಲೆನ್ಸು ಮುಂದೆ ಇದ್ದಾಗ ಒಂದು ಗೇಣಿನಾಚೆ ಇರುವುದೆಲ್ಲ ಮಸುಕು. ಆದ್ದರಿಂದ ಮೊದಲು ಲೆನ್ಸಿಲ್ಲದೆ ನೀರಿನಲ್ಲಿ ಹುಳುವನ್ನು ಹುಡುಕಬೇಕು. ಹುಳು ಸಿಕ್ಕ ಮೇಲೆ ಲೆನ್ಸು ಮುಂದೆ ಬರಬೇಕು. ಹುಳು ಓಡಿತೋ, ಲೆನ್ಸು ಪಕ್ಕಕ್ಕೆ ಸರಿಯಬೇಕು. ನೀರಿನೊಳಗೆ ಬೆರಳು ಜಾರುವುದರಿಂದ ತಿರುಗಿಸಿ ಹಾಕುವುದು, ತಿರುಗಿಸಿ ತೆಗೆಯುವುದು ಆಗದ ಮಾತು. ಹಾಗಾಗಿ ಅದಕ್ಕೊಂದು ಬಾಗಿಲು ಬೇಕು. ಒಂದು ಕಡೆ ಕೀಲು, ಇನ್ನೊಂದು ಕಡೆ ತಾನಾಗಿ ಹಿಡಿದುಕೊಳ್ಳುವ ಚಿಲಕ. ತಳ್ಳಿದರೆ ತೆರೆಯಬೇಕು, ಬಿಟ್ಟರೆ ಟಕ್ ಅಂತ ಮುಚ್ಚಬೇಕು. ಇಷ್ಟೇ.

ಇಷ್ಟಕ್ಕೆ ನೀವಾದರೆ ಏನು ಮಾಡುತ್ತೀರಿ? ಮೊಬೈಲಿನಲ್ಲಿ ಆರ್ಡರ್ ಹಾಕುತ್ತೀರಿ, ಮನೆ ಬಾಗಿಲಿಗೆ ಬರುತ್ತದೆ. ನಾನೂ ಅದನ್ನೇ ಹೇಳಿದೆ. ತರಿಸಿಕೊಡುತ್ತೇನೆ ಎಂದೂ ಹೇಳಿದೆ.

"ತರಿಸಿಬಿಟ್ರೆ ಮುಗದೇ ಹೋತಲ್ಲೋ" ಎಂದರು ಭಾವ.

ಮುಗಿಯಲಿ ಎಂದೇ ಅಲ್ಲವೇ ಜನ ತರಿಸುವುದು? ಇದಕ್ಕೆ ಅವರು ನನ್ನನ್ನು ಕನಿಕರದಿಂದ ನೋಡಿದರು.

ಅಲ್ಲಿಂದ ಅಕ್ಕನ ಅಡುಗೆಮನೆಗೆ ಕಷ್ಟಕಾಲ ಬಂತು. ಕುಕ್ಕರಿನ ರಬ್ಬರು ಹೋಯಿತು. ಬುತ್ತಿ ಕ್ಯಾರಿಯರ್‌ನ ಕೊಂಡಿ ಹೋಯಿತು. ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳಕ್ಕೆ ನಡುವೆ ದೊಡ್ಡ ತೂತು ಬಿತ್ತು. ಯಾವ ಡಬ್ಬಿಯ ಬಾಯಿ ಕಂಡರೂ ಭಾವ ಜೇಬಿನಿಂದ ಅಳತೆಯ ಇಕ್ಕಳ ತೆಗೆಯುವರು. ಹೋದವರ ಮನೆಯಲ್ಲಿ ಕಾಫಿ ಕೊಟ್ಟರೆ ಮೊದಲು ಲೋಟದ ಬಾಯಿ ಅಳೆಯುವುದು, ಆಮೇಲೆ ಕುಡಿಯುವುದು. ಲೆನ್ಸಿನ ಕೊರಳು ಅರವತ್ತೇಳು ಮಿಲಿಮೀಟರ್. ಅದಕ್ಕೆ ಸರಿಯಾದ ಒಂದು ಉಂಗುರ ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ಸಲೀಸು ಎಂಬುದು ಅವರ ನಂಬಿಕೆ.

ನಮ್ಮ ಅಂಗಡಿಗೂ ಬಂದರು. ಗಿರಾಕಿಗಳು ತುಂಬಿಕೊಂಡಿರುವ ಹೊತ್ತಿಗೇ ಬರಬೇಕೆಂದು ಅವರ ಜಾತಕದಲ್ಲಿ ಬರೆದಿದೆ.

"ಅರವತ್ತೇಳು ಐತಾ?" ಎಂದರು.

ಪೈಪಿನಲ್ಲಿ ಅರವತ್ಮೂರು ಬರುತ್ತದೆ, ಅದು ಬಿಟ್ಟರೆ ಎಪ್ಪತ್ತೈದು, ಅರವತ್ತೇಳು ಎಂಬುದನ್ನು ಯಾವ ಫ್ಯಾಕ್ಟರಿಯೂ ಮಾಡುವುದಿಲ್ಲ ಎಂದು ಹೇಳಿದೆ. ಪೈಪು ಜೋಡಿಸುವ ಉಂಗುರಕ್ಕೆ ಕಾಲರ್ ಎನ್ನುತ್ತೇವೆ, ಎಪ್ಪತ್ತೈದರದೇ ಒಂದು ಕಾಲರ್ ಒಯ್ದರು. ಅದು ಡಬ್ಬಿಯ ಮೂತಿಗೆ ಅಳೆದು ಮಾಡಿಸಿದ ಹಾಗೆ ಕೂತಿತಂತೆ. ಅರ್ಧ ಕೆಲಸ ಆಯಿತೆಂದು ಫೋನು ಮಾಡಿ ಸಂಭ್ರಮಪಟ್ಟರು. ಆಮೇಲೆ ಹದಿನೈದು ದಿನಕ್ಕೊಮ್ಮೆ ಬಂದು, ಈ ನಡುವೆ ಯಾವುದಾದರೂ ಫ್ಯಾಕ್ಟರಿಗೆ ಬುದ್ಧಿ ಬಂದಿದೆಯೇ ಎನ್ನುವಂತೆ ಅದನ್ನೇ ಕೇಳುವರು. ಅರವತ್ತೇಳು ಐತಾ? ಇಲ್ಲ ಭಾವ. ಹೋಗಿಬರುವರು.

ಇನ್ನು ಭಾವ ಫೋಟೋಗೆಂದು ಆರಿಸಿಕೊಂಡ, ಅವರ ಊರ ಹತ್ತಿರದ ಸೂಳೆಕೆರೆಯ ವಿಚಾರ. ಆ ಕೆರೆಯ ನೀರು ಎಂಥದೆಂದು ನೋಡಿದವರಿಗೆ ಗೊತ್ತು. ಕೈ ಅದ್ದಿದರೆ ಮೊಣಕೈ ಕಾಣುತ್ತದೆ, ಬೆರಳು ಕಾಣುವುದಿಲ್ಲ. ಈ ನೀರಿನಲ್ಲಿ ಯಾವ ಫೋಟೋ ಎಂದು ನಾನು ನಕ್ಕರೆ ಭಾವ ನನಗೇ ಪಾಠ ಮಾಡಿದರು. ದೂರದ್ದು ಕಾಣದ ನೀರಿನಲ್ಲಿ ಹತ್ತಿರದ್ದನ್ನೇ ತೆಗೆಯಬೇಕು, ಬೆರಳಿನಷ್ಟು ದೂರದ್ದು ಕಂಡರೆ ಸಾಕು, ಅದಕ್ಕೇ ಈ ಲೆನ್ಸು. ಒಪ್ಪಬೇಕಾದ ಮಾತೇ. ಒಪ್ಪಿದ್ದು ನನ್ನ ತಪ್ಪು. ಮುಂದಿನ ಭಾನುವಾರ ನಾನು ಕೆರೆಯ ಮೆಟ್ಟಿಲ ಮೇಲೆ ಅವರ ಎರಡೂ ಕಾಲು ಹಿಡಿದು ಕೂತಿದ್ದೆ!

ಅವರು ಹೊಟ್ಟೆಯ ಮೇಲೆ ಮಲಗಿ, ಡಬ್ಬಿ ಹಿಡಿದ ಕೈಗಳನ್ನು ಮಾತ್ರ ನೀರಿಗೆ ಬಿಟ್ಟಿದ್ದರು. ಅವತ್ತಿನ ಹೋಲ್ಡರ್ ಕುಕ್ಕರ್ ರಬ್ಬರಿನದು. ನೀರು ತಾಗಿದ್ದೇ ತಡ, ರಬ್ಬರು ಸಡಿಲಗೊಂಡು ಲೆನ್ಸು ಜಾರಿ ಬಿತ್ತು. ಎಲ್ಲಿಗೆ? ಮೊಣಕಾಲುದ್ದ ನೀರಿಗೆ. ಆದರೆ ಇಳಿಯುವವರು ಯಾರು? ಭಾವ ಜಗಳೂರಿನವರು. ನಾನೇ ಪಂಚೆ ಎತ್ತಿ ಕಟ್ಟಿ ಇಳಿದು ಕೆಸರಿನಲ್ಲಿ ಕೈಯಾಡಿಸತೊಡಗಿದೆ. ಜನ ಸೇರಿದರು. ಬಿದ್ದದ್ದು ಚಿನ್ನದ ಉಂಗುರ ಎಂದು ಒಬ್ಬರು, ಅಲ್ಲ ಬೈಕಿನ ಕೀಲಿ ಎಂದು ಇನ್ನೊಬ್ಬರು. ಬಲೆ ಬಿಡಿಸುತ್ತಿದ್ದ ಮೀನುಗಾರ ಹಿರಿಯರೊಬ್ಬರು ಹತ್ತಿರ ಬಂದು, ಯಾವ ಮೀನು ಬೇಕಿತ್ತು ಎಂದು ಭಾವನನ್ನು ವಿಚಾರಿಸಿದರು.

"ಮೀನು ಬ್ಯಾಡ್ರಿ. ಮೀನಿನ ಮೈಮ್ಯಾಲೆ ಹೇನು ಇರ್ತಾವಲ್ಲ, ಅವು ಬೇಕಿತ್ತು" ಎಂದರು ಭಾವ.

ಹಿರಿಯರು ನನ್ನ ಕಡೆ ತಿರುಗಿ, ಇವರನ್ನು ಯಾವ ಡಾಕ್ಟ್ರಿಗೆ ತೋರಿಸುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದರು. ಲೆನ್ಸು ಸಿಕ್ಕಿತು. ಮರ್ಯಾದೆ ಸಿಗಲಿಲ್ಲ. ಅವತ್ತಿನಿಂದ ಆ ಕಡೆಯವರೆಲ್ಲ ಅವರನ್ನು ಹೇನಿನ ಮೇಷ್ಟ್ರು ಎಂದೇ ಕರೆಯುತ್ತಾರೆ. ಭಾವನಿಗೆ ಇದರಿಂದ ಬೇಸರವಾಗಿಲ್ಲ. ಡ್ರಾಯಿಂಗ್ ಮೇಷ್ಟ್ರು ಎನ್ನುವುದಕ್ಕಿಂತ ಇದರಲ್ಲಿ ಗೌರವ ಜಾಸ್ತಿ ಎಂದು ಅವರ ಅಭಿಪ್ರಾಯ.

ಇಷ್ಟು ಹೊತ್ತು ಭಾವನದೇ ಆಯಿತು. ಅಕ್ಕನ ವಿಷಯ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಅಕ್ಕನಿಗೆ ಕೆಲವು ವರ್ಷಗಳಿಂದ ಸಂಧಿವಾತ. ಕೈಯ ಗೆಣ್ಣುಗಳು ಊದಿ ಗಂಟುಗಟ್ಟಿವೆ. ಬೆರಳುಗಳು ಒಂದು ಕಡೆ ವಾಲಿವೆ. ಮಣಿಕಟ್ಟು ಮಾತ್ರ ಮೊದಲಿಗಿಂತ ಸಣ್ಣಗಾಗಿದೆ. ಒಮ್ಮೆ ನ್ಯಾಮತಿಯಲ್ಲಿ ನೆಂಟರ ಮದುವೆಗೆ ಹೋದಾಗ ಎಲ್ಲರ ಜತೆ ಇವಳೂ ಬಳೆ ತೊಡಲು ಕೈ ಚಾಚಿದಳು. ಬಳೆಯವನು ಎಣ್ಣೆ ಹಚ್ಚಿ ಒತ್ತಿದ, ಗೆಣ್ಣಿನ ಮೇಲೆ ಗಾಜು ಸಿಕ್ಕಿಕೊಂಡು ಪುಡಿಯಾಯಿತು. ರಕ್ತ ಬಂತು. ಒಡೆಯಿತು ಎಂದು ಯಾರೂ ಅನ್ನಲಿಲ್ಲ, ಬಳೆ ಹೆಚ್ಚಾಯಿತು ಎಂದರು, ಶುಭದ ಮನೆಯಲ್ಲಿ ಹಾಗೆಯೇ ಅನ್ನಬೇಕು. ಆದರೆ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಸೆರಗು ಎಳೆದುಕೊಂಡು ಆಚೆ ತಿರುಗಿದ್ದನ್ನು ಅಕ್ಕ ನೋಡಿದಳು. ಅಂದಿನಿಂದ ಅವಳು ಬಳೆ ತೊಟ್ಟಿಲ್ಲ. ನಾಲ್ಕು ಜನರೆದುರು ಕೈಯನ್ನು ಸೆರಗಿನಿಂದ ಹೊರಗೆ ತೆಗೆಯುವುದೂ ಕಡಿಮೆ.

ಈ ನಡುವೆ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆಗೆ ಮುಂಚೆ ಬಳೆ ತೊಡಿಸುವ ದಿನ ಎಂದೊಂದಿದೆ. ಬಳೆ ಶೆಟ್ಟರು ಮನೆಗೇ ಬಂದು ಪಡಸಾಲೆಯಲ್ಲಿ ಕೂರುತ್ತಾರೆ. ಮೊದಲು ಕೈ ಚಾಚಬೇಕಾದವಳು ಮದುಮಗಳ ಸೋದರತ್ತೆ. ಅವಳಿಗೆ ಹಸಿರು ಗಾಜಿನ ಬಳೆ ಏರಿದ ಮೇಲೇ ಮದುಮಗಳಿಗೆ, ಆಮೇಲೆ ಉಳಿದವರಿಗೆ. ನನಗಿರುವವಳು ಇವಳೊಬ್ಬಳೇ ಅಕ್ಕ. ಬಸವಾಪಟ್ಟಣಕ್ಕೆ ಹೋಗಿ ದಿನ ಹೇಳಿದೆ.

"ಮುಹೂರ್ತಕ್ಕೆ ಬರ್ತೀನಿ ಕಣೋ. ಬಳೆ ದಿನ ನನ್ನ ಕರೀಬ್ಯಾಡ" ಎಂದಳು ಅಕ್ಕ.

ಚಿನ್ನದ್ದಾದರೆ ತಿರುಪು ಬಿಚ್ಚಿ ಹಾಕಿಕೊಳ್ಳಬಹುದಲ್ಲ ಎಂದೆ. ಶಾಸ್ತ್ರಕ್ಕೆ ಗಾಜೇ ಆಗಬೇಕು ಎಂದಳು. ಶಾಸ್ತ್ರ ಹಾಳಾಗಲಿ, ಸುಮ್ಮನೆ ಬಂದು ಕೂರು ಎಂದೆ. ಎದ್ದು ಒಳಗೆ ಹೋದಳು. ಮನೆಗೆ ಬಂದು ಮಗಳಿಗೆ ಹೇಳಿದರೆ ಅವಳದು ಇನ್ನೊಂದು ಹಟ. ಅತ್ತೆ ತೊಡದೆ ತಾನು ಕೈ ಚಾಚುವುದೇ ಇಲ್ಲ ಎಂದು ಕೂತಳು. ಇಬ್ಬರೂ ಒಂದೇ ರಕ್ತ, ನಡುವೆ ಸಿಕ್ಕಿಬಿದ್ದವನು ನಾನು. ಅಕ್ಕ ಎದ್ದು ಒಳಗೆ ಹೋದ ಹೊತ್ತಿನಲ್ಲಿ ಭಾವ ಏನು ಮಾಡುತ್ತಿದ್ದರು ಗೊತ್ತೇ? ನಾನು ಒಯ್ದಿದ್ದ ಪೇಡದ ಡಬ್ಬಿಯ ಮುಚ್ಚಳ ಅಳೆಯುತ್ತಿದ್ದರು! ಸಿಟ್ಟು ನೆತ್ತಿಗೇರಿತು. ಹಿರಿಯರೆಂದು ಚಪ್ಪಲಿ ಮೆಟ್ಟಿ ಹೊರಟುಬಂದೆ.

ಲಗ್ನಪತ್ರಿಕೆ ಹಂಚಲು ಸವಳಂಗದ ಕಡೆ ಹೊರಟಾಗ ಭಾವನನ್ನೂ ಕರೆದುಕೊಂಡು ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ದಪ್ಪಗಿನ ಅಜ್ಜಿಯೊಬ್ಬರು ಕಂಬಿ ಹಿಡಿದು ಕೂತಿದ್ದರು. ಕೈತುಂಬ ಬಳೆ. ಭಾವ ಆ ಕೈಯನ್ನೇ ನೋಡತೊಡಗಿದರು. ನಾನು ಮೊಣಕೈಯಿಂದ ತಿವಿದೆ. ಜೇಬಿಗೆ ಕೈ ಹೋಯಿತು. ಅಳತೆಯ ಇಕ್ಕಳ ಹೊರಗೆ ಬಂತು! ಯಾರದೋ ಮನೆಯ ಹಿರಿಯ ಹೆಂಗಸಿನ ಕೈಯನ್ನು ಬಸ್ಸಿನಲ್ಲಿ ಅಳೆಯಹೊರಟವರನ್ನು ಏನೆಂದು ಪರಿಚಯಿಸುವುದು? ನಾನು ಕಿಟಕಿಯಾಚೆ ನೋಡುತ್ತಾ ಇವರು ಯಾರೋ ಗೊತ್ತಿಲ್ಲ ಎನ್ನುವಂತೆ ಕೂತೆ. ಭಾವ ಬಗ್ಗಿ, ಅಮ್ಮಾ, ನಿಮ್ಮ ಬಳೆ ಎಷ್ಟರದು ಎಂದು ಕೇಳಿಯೇ ಬಿಟ್ಟರು. ಪುಣ್ಯಕ್ಕೆ ಅಜ್ಜಿ ಒಳ್ಳೆಯವರು. ಎರಡು ಹತ್ತಾಣೆ ಕಣಪ್ಪ, ನನ್ನ ಸೊಸೆಗೂ ಅದೇ ಆಗುತ್ತೆ, ಯಾಕೆ ಎಂದರು.

ಬಳೆಯ ಅಳತೆ ನಿಮಗೆ ಗೊತ್ತಿರಬಹುದು. ಹೆಂಗಸರಿಗಂತೂ ಗೊತ್ತೇ ಇರುತ್ತದೆ. ಎರಡು ನಾಲ್ಕಾಣೆ, ಎರಡು ಆರಾಣೆ, ಎರಡು ಎಂಟಾಣೆ. ಎರಡು ಅಂದರೆ ಎರಡು ಇಂಚು. ರೂಪಾಯಿಗೆ ಹದಿನಾರಾಣೆ ಇದ್ದ ಹಾಗೆ ಇಂಚಿಗೂ ಹದಿನಾರಾಣೆ. ಭಾವ ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಎರಡು ಇಂಚು ಹತ್ತಾಣೆ ಎಂದರೆ ಅರವತ್ತೇಳಕ್ಕೆ ಒಂದು ಕೂದಲೆಳೆ ಕಡಿಮೆ! ಒಳಗಡೆ ಸ್ವಲ್ಪ ಅರ ಹಾಕಿ ಉಜ್ಜಿದರೆ ಲೆನ್ಸಿನ ಕೊರಳಿಗೆ ಬಿಗಿಯಾಗಿ ಕೂರುತ್ತದೆ. ಬಸ್ಸು ನ್ಯಾಮತಿಯಲ್ಲಿ ನಿಂತಾಗ ಅವರು ನನ್ನನ್ನು ತಬ್ಬಿಕೊಂಡರು. ನನ್ನ ಮದುವೆಯಲ್ಲೂ ಅವರು ನನ್ನನ್ನು ತಬ್ಬಿಕೊಂಡಿರಲಿಲ್ಲ.

ಹೊನ್ನಾಳಿಯಲ್ಲಿ ಇಳಿದವರೇ ನಮ್ಮ ಅಂಗಡಿಯ ಸಾಲಿನಲ್ಲೇ ಇರುವ ಬಳೆ ಶೆಟ್ಟರಲ್ಲಿಗೆ ಹೋದರು. ಎರಡು ಹತ್ತರವು, ಲೋಹದ್ದು ಒಂದಿಷ್ಟು, ಗಾಜಿನದು ಒಂದಿಷ್ಟು ಬೇಕೆಂದರು. ಬಳೆ ಮಾರುವವರು ಹೆಂಗಸರ ಮುಖ ಮರೆತರೂ ಕೈಯ ಅಳತೆ ಮರೆಯುವುದಿಲ್ಲ. ಅಕ್ಕನದು ಎರಡು ನಾಲ್ಕು ಎಂದು ಶೆಟ್ಟರಿಗೆ ಗೊತ್ತು. ಹಾಗಾಗಿ ಇದು ಯಾರಿಗೆ ಸಾರ್ ಎಂದು ಕೇಳಿದ್ದು ಸಹಜ. ಭಾವ ಕೊಟ್ಟ ಉತ್ತರ ಕೇಳಿ.

"ನಿಮಗೆ ಗೊತ್ತಿಲ್ಲದ್ದು ಬಿಡ್ರಿ. ಭಾಳ ದಿನದಿಂದ ನನ್ನ ಹತ್ರ ಐತೆ. ಸರಿಯಾದ ಬಳೆ ಸಿಗದೆ ಹಂಗೇ ಇತ್ತು."

ಇನ್ನೇನು ಬೇಕು? ನಾನು ಷಟರ್ ಎತ್ತುವಷ್ಟರಲ್ಲಿ ಸುದ್ದಿ ಸಾಲಿನ ಕೊನೆಯ ಅಂಗಡಿ ಮುಟ್ಟಿತ್ತು. ಬಸವಾಪಟ್ಟಣದ ಮೇಷ್ಟ್ರು ಯಾರಿಗೋ ಬಳೆ ಒಯ್ದಿದ್ದಾರೆ. ಕೈ ಎರಡು ಹತ್ತು. ಆಳು ಗಟ್ಟಿಮುಟ್ಟಾಗಿರಬೇಕು! ಸಂಜೆಯ ಹೊತ್ತಿಗೆ ಆಕೆಗೊಂದು ಊರು ಹುಟ್ಟಿತು, ಮರುದಿನ ಒಂದು ಹೋಟೆಲ್ಲೂ ಹುಟ್ಟಿತು. ನಾನು ಲೆನ್ಸು, ಡಬ್ಬಿ, ಕೀಲು ಎಂದು ಎಷ್ಟು ಬಿಡಿಸಿ ಹೇಳಿದರೂ ಜನ ಕೇಳಿ, ಮುಗುಳ್ನಕ್ಕು, ಭಾವಮೈದನಾಗಿ ನೀವು ಹಾಗೆ ಹೇಳಲೇಬೇಕಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು.

ಭಾವನಿಗೆ ಇದ್ಯಾವುದರ ಪರಿವೆಯೂ ಇಲ್ಲ. ಒಂದು ವಾರದಲ್ಲಿ ಹೋಲ್ಡರ್ ಸಿದ್ಧವಾಯಿತು. ನೋಡಲು ನಾನೂ ಹೋಗಿದ್ದೆ. ಲೆನ್ಸಿನ ಕೊರಳಿಗೆ ಎರಡು ಹತ್ತರ ಲೋಹದ ಬಳೆ. ಬಳೆಗೆ ಅವರ ಹಳೆಯ ಕನ್ನಡಕದಲ್ಲಿ ಮುರಿಯದೆ ಉಳಿದಿದ್ದ ಒಂದೇ ಒಂದು ಕೀಲು. ಚಿಲಕಕ್ಕೆ ಮೊಬೈಲ್ ಕವರಿನೊಳಗಿನ ಪುಟ್ಟ ಆಯಸ್ಕಾಂತದ ಬಿಲ್ಲೆಗಳು. ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಬೆರಳಿನಿಂದ ತಳ್ಳಿದರು, ಲೆನ್ಸು ಪಕ್ಕಕ್ಕೆ ಹೋಯಿತು. ಬಿಟ್ಟರು, ನೀರಿನೊಳಗಿನಿಂದ ಟಕ್ ಎಂದು ಕೇಳಿಸಿತು. ನಾನು ಹೊಗಳುವ ಜಾತಿಯವನಲ್ಲ. ಆದರೂ ಇನ್ನೊಂದು ಸಲ ಮಾಡಿ ಎಂದೆ. ಅವರು ಟಕ್, ಟಕ್ ಎಂದು ಮಾಡುತ್ತಲೇ ಇದ್ದರು. ಬರುವ ಭಾನುವಾರ ಸೂಳೆಕೆರೆಯಲ್ಲಿ ಮೊದಲ ಫೋಟೋ ಎಂದು ಸಾರಿಬಿಟ್ಟರು.

ಅದಾದ ಎರಡು ದಿನಕ್ಕೆ ಅಕ್ಕನ ಫೋನು. ನಿನ್ನ ಭಾವ ನನ್ನ ಕೈಗೆ ಎರಡು ಹತ್ತರ ಬಳೆ ತಂದಿಟ್ಟಿದ್ದಾರೆ ಎಂದಷ್ಟೇ ಹೇಳಿ ಫೋನು ಇಟ್ಟುಬಿಟ್ಟಳು. ನಾನು ಬೈಕು ಹತ್ತಿದೆ. ಊರೆಲ್ಲ ಬೇರೆ ಹೆಂಗಸಿನ ಕತೆ ಕಟ್ಟಿದ್ದರೆ ಅಕ್ಕನ ತಲೆಗೆ ಅದು ಬಂದೇ ಇರಲಿಲ್ಲ ನೋಡಿ. ಉಳಿದ ಬಳೆಗಳ ಪೊಟ್ಟಣ ಕಪಾಟಿನಲ್ಲಿ ಸಿಕ್ಕಿದ ಕೂಡಲೇ ಅವಳು ನೆನೆದದ್ದು ತನ್ನ ಕೈಯನ್ನೇ. ಬಳೆ ದಿನ ಹತ್ತಿರ ಬಂತು, ಎರಡು ನಾಲ್ಕರ ಹೆಂಡತಿಯ ಕೈ ಈಗ ಎರಡು ಹತ್ತಾಯಿತು ಎಂದು ಗಂಡ ಅಂಗಡಿಯಲ್ಲಿ ನಿಂತು ಹೇಳಿ ತಂದಿದ್ದಾನೆ ಎಂದೇ ತಿಳಿದಿದ್ದಳು.

ನಾನು ಹೋದಾಗ ಅವಳು ನಡುಮನೆಯಲ್ಲಿ ಪೊಟ್ಟಣ ಮುಂದಿಟ್ಟುಕೊಂಡು ಕೂತಿದ್ದಳು. ಭಾವ ಕಂಬದ ಹತ್ತಿರ ನಿಂತಿದ್ದರು. ಅವರಿಗೆ ಅವಳ ದುಃಖ ಯಾತಕ್ಕೆಂದು ಆಗಷ್ಟೇ ತಿಳಿದಿತ್ತು. ತಪ್ಪು ತಿಳುವಳಿಕೆಯನ್ನು ಸರಿಪಡಿಸಿದರೆ ಎಲ್ಲ ಸರಿಹೋಗುತ್ತದೆಂದು ಪಾಪ ಅವರು ಅಂದುಕೊಂಡರು.

"ನಿನಗಲ್ಲ ಕಣೇ ಅವು. ಲೆನ್ಸಿಗೆ" ಎಂದರು.

ಅಕ್ಕ ತಲೆ ಎತ್ತಿ ಅವರನ್ನು ನೋಡಿದಳು. "ಲೆನ್ಸಿಗೆ ಬಳೆ ತಂದ್ರಿ" ಎಂದಳು. ಅಷ್ಟೇ.

ಆಮೇಲೆ ಪೊಟ್ಟಣದಿಂದ ಲೋಹದ ಬಳೆಯೊಂದನ್ನು ತೆಗೆದು ತಾನೇ ಹಾಕಿಕೊಂಡಳು. ಗೆಣ್ಣು ದಾಟಿತು. ಆದರೆ ಆ ಸಣ್ಣ ಮಣಿಕಟ್ಟಿನಲ್ಲಿ ನಿಲ್ಲಬೇಕಲ್ಲ? ಕೈ ಇಳಿಬಿಟ್ಟಳು, ಬಳೆ ಕಳಚಿ ನೆಲಕ್ಕೆ ಬಿದ್ದು ಉರುಳಿಕೊಂಡು ಭಾವನ ಕಾಲ ಹತ್ತಿರ ನಿಂತಿತು. ಇಂಥ ಕೈ ಒಡ್ಡಿಕೊಂಡು ನಾಲ್ಕು ಜನರ ನಡುವೆ ಕೂರು ಅಂತೀಯೇನೋ ಎಂದು ನನ್ನನ್ನು ಕೇಳಿದಳು. ಭಾವ ಬಳೆ ಎತ್ತಿಕೊಂಡರು. ಅವಳ ಕೈ ನೋಡುತ್ತಾ ನಿಂತರು. ಅಷ್ಟು ಹೊತ್ತು ಅವರು ಆ ಕೈಯನ್ನು ನೋಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಭಾನುವಾರ ಬಂತು. ಫೋಟೋದ ಉದ್ಘಾಟನೆಗೆ ಅಕ್ಕ ಬರಲಿಲ್ಲ. ನಾನು ಹೋದೆ, ಕಾಲು ಹಿಡಿಯುವ ಹುದ್ದೆ ನನ್ನದಲ್ಲವೇ? ಹೇನಿನ ಮೇಷ್ಟ್ರು ಬರುತ್ತಾರೆಂದು ಕೆರೆಯ ಹತ್ತಿರದ ಹತ್ತಾರು ಮಂದಿಯೂ ಸೇರಿದ್ದರು. ಡಾಕ್ಟ್ರ ವಿಚಾರ ಕೇಳಿದ್ದ ಹಿರಿಯರು ಈ ಸಲ ಒಂದು ಹೇನು ಹತ್ತಿದ ಮೀನನ್ನೇ ಬಕೆಟ್ಟಿನಲ್ಲಿ ಜೀವಂತ ಇಟ್ಟುಕೊಂಡು ಕಾದಿದ್ದರು. ಭಾವ ಬಂದು ಮೆಟ್ಟಿಲ ಮೇಲೆ ಕೂತರು. ಕನ್ನಡಕದ ಒಂದು ಕಡ್ಡಿಯನ್ನು ದಾರದಿಂದ ಕಟ್ಟಿದ್ದರು, ಮೂಗಿನ ಮೇಲೆ ಅದು ಸೊಟ್ಟಗೆ ಕೂತಿತ್ತು. ಚೀಲದಿಂದ ಡಬ್ಬಿ ತೆಗೆದರು. ಡಬ್ಬಿಯ ಮೂತಿ ಬರಿದಾಗಿತ್ತು. ಕಾಲರ್ ಇತ್ತು, ಕೀಲಿಲ್ಲ, ಆಯಸ್ಕಾಂತವಿಲ್ಲ. ಲೆನ್ಸು ಕೈವಸ್ತ್ರದಲ್ಲಿ ಸುತ್ತಿಕೊಂಡು ಬೇರೆ ಕೂತಿತ್ತು.

"ಹೋಲ್ಡರ್ ಬಿಚ್ಚೀನಿ ಕಣೋ" ಎಂದರು. "ಬೇರೆ ಕಡೆಗೆ ಬೇಕಾತು."

ನೀವೇ ಹೇಳಿ, ಸಿಟ್ಟು ಬರುವುದಿಲ್ಲವೇ? ಊರೆಲ್ಲ ಅಳೆದು, ಅಡುಗೆಮನೆ ಹಾಳು ಮಾಡಿ, ಹೆಂಡತಿಯನ್ನು ಅಳಿಸಿ, ನನ್ನ ಮಾನ ಸಾಲಂಗಡಿಯಲ್ಲಿ ಹರಾಜು ಹಾಕಿಸಿ, ಕೊನೆಗೆ ಎಲ್ಲ ಸರಿಯಾದ ಮೇಲೆ ಬಿಚ್ಚಿಬಿಡುವುದೇ? ಮುಗಿದುಹೋದೀತು ಎಂದು ಹೆದರಿ ಬಿಚ್ಚಿದ್ದಾರೆ ಎಂದೇ ನನಗೆ ಅನ್ನಿಸಿತು. ಬೈಕು ಹತ್ತಿ ಬಂದುಬಿಟ್ಟೆ. ಹಿರಿಯರು ಮೀನನ್ನು ಕೆರೆಗೆ ಬಿಟ್ಟರೋ ಸಾರು ಮಾಡಿದರೋ ತಿಳಿಯಲಿಲ್ಲ.

ಬಳೆ ದಿನ ಅಕ್ಕ ಬಂದಳು. ಮಗಳು ದಿನಾ ಫೋನಿನಲ್ಲಿ ಕಾಡಿದ್ದಕ್ಕೆ ಬಂದದ್ದು. ಬಂದವಳು ನೇರ ಅಡುಗೆಮನೆಗೆ ಹೋಗಿ, ತಾನು ಇಲ್ಲೇ ಇರುವುದಾಗಿಯೂ ಯಾರೂ ಕರೆಯಬಾರದೆಂದೂ ನನ್ನ ಹೆಂಡತಿಗೆ ಹೇಳಿದಳು. ಭಾವ ಗಂಡಸರ ಜತೆ ಹೊರಗೆ ಜಗಲಿಯಲ್ಲಿ ಕೂತರು. ನಾನು ಅವರನ್ನು ಮಾತಾಡಿಸಲಿಲ್ಲ.

ಬಳೆ ಶೆಟ್ಟರು ಪಡಸಾಲೆಯಲ್ಲಿ ಗಂಟು ಬಿಚ್ಚಿ ಹಸಿರು ಬಳೆ ಹರಡಿದರು. ಸೋದರತ್ತೆಯವರು ಬರ್ರಿ ಎಂದು ಕರೆದರು. ಯಾರೂ ಏಳಲಿಲ್ಲ. ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಶೆಟ್ಟರು ಇನ್ನೊಮ್ಮೆ ಕರೆದರು. ಮದುಮಗಳು ಎರಡೂ ಕೈಯನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತುಬಿಟ್ಟಳು. ಅಕ್ಕ ಅಡುಗೆಮನೆಯ ಬಾಗಿಲವರೆಗೆ ಬಂದು ನಿಂತಿದ್ದಳು, ಕೈಗಳು ಸೆರಗಿನೊಳಗೆ. ಕರೆಯಲು ಹೋದರೆ ಅತ್ತುಬಿಡುತ್ತಾಳೆ, ಬಿಟ್ಟರೆ ಮಗಳು ಏಳುವುದಿಲ್ಲ.

ಆಗ ಭಾವ ಎದ್ದರು. ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ಎದುರು ನಿಂತರು. ಜೇಬಿಗೆ ಕೈ ಹಾಕಿದಾಗ ನಾನು ಇಕ್ಕಳವೇ ಬಂತು ಎಂದುಕೊಂಡೆ. ಬಂದದ್ದು ಕೈವಸ್ತ್ರ. ಅದರೊಳಗೆ ಎರಡು ಹಸಿರು ಗಾಜಿನ ಬಳೆ. ಒಂದನ್ನು ಬೆರಳಲ್ಲಿ ಹಿಡಿದು ತಳ್ಳಿದರು. ಬಳೆ ಬಾಗಿಲಿನ ಹಾಗೆ ತೆರೆದುಕೊಂಡಿತು! ಗಾಜನ್ನು ಎರಡು ಹೋಳು ಮಾಡಿ, ಒಂದು ತುದಿಗೆ ಕೀಲು, ಇನ್ನೊಂದು ತುದಿಗೆ ಆಯಸ್ಕಾಂತ ಕೂರಿಸಿದ್ದರು.

"ಎರಡು ನಾಕೇ ಐತೆ" ಎಂದರು ಅಕ್ಕನಿಗೆ. "ಕೈ ಕೊಡು."

ಅವಳು ಕೈ ಹೊರಗೆ ತೆಗೆದಳು. ಭಾವ ಗೆಣ್ಣನ್ನು ಮುಟ್ಟದೆ ಮಣಿಕಟ್ಟಿಗೇ ಬಳೆ ತಂದು ಬಿಟ್ಟರು. ಟಕ್ ಎಂದಿತು. ನೀರಿನ ತೊಟ್ಟಿಯೊಳಗಿನಿಂದ ನಾನು ಕೇಳಿದ ಅದೇ ಸದ್ದು.

ಅಕ್ಕ ಕೈ ಇಳಿಬಿಟ್ಟು ನೋಡಿದಳು. ಬಳೆ ಬೀಳಲಿಲ್ಲ. ಕೀಲನ್ನು ತಿರುಗಿಸಿ ನೋಡಿ, ಇದು ನಿಮ್ಮ ಲೆನ್ಸಿನದಲ್ಲವೇ ಎಂದು ಕೇಳಿದಳು. ಒಂದು ಅದರದು ಎಂದರು ಭಾವ. ಇನ್ನೊಂದು ಯಾವುದರದು ಎಂದು ಹೇಳಲಿಲ್ಲ. ಆಗ ನನ್ನ ಕಣ್ಣು ದಾರ ಕಟ್ಟಿದ ಆ ಸೊಟ್ಟ ಕನ್ನಡಕದ ಮೇಲೆ ಹೋಯಿತು. ಎರಡು ನಾಲ್ಕರ ಹಸಿರು ಬಳೆಯನ್ನು ಮೇಷ್ಟ್ರು ಹದಿನೈದು ದಿನದಿಂದ ಒಯ್ಯುತ್ತಲೇ ಇದ್ದರು, ಹೋಳು ಮಾಡಲು ಹೋಗಿ ಎಲ್ಲ ಹೆಚ್ಚಾಯಿತಂತೆ, ಯಾರಿಗೂ ಹೇಳಬೇಡಿ ಅಂದಿದ್ದರು ಎಂದು ಶೆಟ್ಟರು ಮೆಲ್ಲಗೆ ನನಗೆ ಹೇಳಿದರು. ಅಕ್ಕ ಇನ್ನೊಂದು ಕೈಯನ್ನೂ ಚಾಚಿದಳು. ಅದಕ್ಕೂ ಟಕ್ ಎಂದ ಮೇಲೆ ಸೆರಗು ಸರಿಸಿ, ಎಲ್ಲರ ನಡುವೆ ಬಂದು, ಮದುಮಗಳ ಪಕ್ಕದಲ್ಲಿ ಕೂತಳು. ನನ್ನ ಮಗಳು ಕೈ ಚಾಚಿದಳು.

ಮದುವೆ ಮುಗಿದು ಅಂಗಡಿಯ ಷಟರ್ ಮತ್ತೆ ಎತ್ತಿದೆ. ಮೊನ್ನೆ, ಗಿರಾಕಿಗಳು ತುಂಬಿಕೊಂಡಿರುವ ಹೊತ್ತಿಗೇ ಭಾವ ಬಂದರು. ಕನ್ನಡಕಕ್ಕೆ ದಾರ ಹಾಗೇ ಇತ್ತು. ಲೆನ್ಸನ್ನು ಕೈವಸ್ತ್ರದಲ್ಲಿ ಸುತ್ತಿ ತಂದಿದ್ದರು. ಹೊಸ ತರಹದ ಹೋಲ್ಡರ್ ಮಾಡಬೇಕಂತೆ, ಈ ಸಲ ಬಳೆಯ ಗೊಡವೆ ಬೇಡವಂತೆ, ಪೈಪಿನ ಉಂಗುರವೇ ಸರಿಯಂತೆ.

"ಅರವತ್ತೇಳು ಐತಾ?" ಎಂದರು.

ಗಿರಾಕಿಗಳಿಗೆ ಸ್ವಲ್ಪ ತಡೆಯಿರಿ ಎಂದೆ. ಏಣಿ ತಂದು ಹಾಕಿ ಅಟ್ಟ ಹತ್ತಿ, ಒಂದೊಂದೇ ಪೆಟ್ಟಿಗೆ ಇಳಿಸಿ ಹುಡುಕತೊಡಗಿದೆ. ಇಲ್ಲ ಎಂದು ನನಗೆ ಗೊತ್ತಿತ್ತು.